ಗಂಧದ ಮರದ ಕಳ್ಳಬೇರು

ಶ್ರೀಗಂಧದ ಸಸಿ ಮಾರುವ ನರ್ಸರಿಗಳಲ್ಲಿ ಚೀಲಕ್ಕೊಂದೇ ಗಿಡ ಎಂಬ ಲೆಕ್ಕ ನಡೆಯುವುದಿಲ್ಲ. ಗಂಧದ ಸಸಿಯ ಮಗ್ಗುಲಲ್ಲೇ ಒಂದು ತೊಗರಿ ಗಿಡವೋ ಹೊನಗೊನ್ನೆಯ ಬಳಗದ ಹಬ್ಬುಗಿಡವೋ ಇರುತ್ತದೆ. ಹೊಸದಾಗಿ ಗಂಧ ಬೆಳೆಯಲು ಹೊರಟವರು ಅದನ್ನು ಕಳೆಯೆಂದು ತಿಳಿದು ಕಿತ್ತೆಸೆಯುವುದುಂಟು. ಆಮೇಲೆ ಸಸಿ ಬಿಳಿಚಿಕೊಳ್ಳುತ್ತದೆ, ಬೆಳವಣಿಗೆ ಕುಂಟುತ್ತದೆ. ನೀರು ಬಿಟ್ಟರೂ ಅಷ್ಟೆ, ಗೊಬ್ಬರ ಹಾಕಿದರೂ ಅಷ್ಟೆ. ಅದರ ಊಟವನ್ನೇ ಕಿತ್ತು ಬೇಲಿಯಾಚೆ ಎಸೆದಾಗಿರುತ್ತದೆ.

ಗಂಧದ ಮರ ಅರೆ ಪರಾವಲಂಬಿ. ಹಸಿರೆಲೆಗಳಿವೆ, ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುವ ಕೆಲಸದಲ್ಲಿ ಅದು ಸ್ವತಂತ್ರ. ಮಣ್ಣಿನ ಕೆಳಗೆ ಮಾತ್ರ ಕಥೆ ಬೇರೆ. ಅದರ ಬೇರು ನೆರೆಯ ಗಿಡದ ಬೇರನ್ನು ಮುಟ್ಟಿದಲ್ಲಿ ಒಂದು ಸಣ್ಣ ಗಂಟು ಮೂಡುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಹಾಸ್ಟೋರಿಯಂ ಎಂಬ ಹೆಸರಿದೆ. ಹೀರುಬೇರು ಎಂದರೆ ನಮಗೆ ಸಾಕು. ಗಂಟಿನ ನಡುವಿನಿಂದ ಹೊರಟ ಚೂಪು ಭಾಗ ಎದುರಿನ ಬೇರಿನ ಸಿಪ್ಪೆ ಸೀಳಿ, ನೀರು ಸಾಗಿಸುವ ಕೊಳವೆಗಳ ತನಕ ಇಳಿಯುತ್ತದೆ. ಅಲ್ಲಿಂದ ನೀರು, ಲವಣ, ಸಾರಜನಕದ ಸಂಯುಕ್ತಗಳು ಗಂಧದ ಕಡೆಗೆ ಹರಿಯತೊಡಗುತ್ತವೆ. 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞ ಈ ಗುಟ್ಟನ್ನು ಬರೆದಿಟ್ಟ. ಆಮೇಲೆ ಅಗೆದು ನೋಡುತ್ತ ಹೋದಹಾಗೆ ಗಂಧ ಕೈಯಿಕ್ಕುವ ಗಿಡಗಳ ಪಟ್ಟಿ ಮುನ್ನೂರು ದಾಟಿತು. ಹುಲ್ಲಿನಿಂದ ಹಿಡಿದು ಹೊಂಗೆ, ಸರ್ವೆ, ನೆಲ್ಲಿಯವರೆಗೆ ಯಾವುದನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಇನ್ನೊಂದು ಗಂಧದ ಮರವೇ ಇದ್ದರೆ ಅದರ ಬೇರಿಗೂ ಬಾಯಿ ಹಾಕುತ್ತದೆ, ಬಂಧುಗಳೆಂಬ ದಾಕ್ಷಿಣ್ಯವಿಲ್ಲ.

ಟಿಪ್ಪು ಸುಲ್ತಾನ್ 1792ರಲ್ಲಿ ರಾಜವೃಕ್ಷವೆಂದು ಸಾರಿದ್ದು ಈ ಮರವನ್ನೇ. 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಕಟ್ಟಿದ್ದು, ನಾಡಿಗೆ ಗಂಧದ ನಾಡೆಂಬ ಬಿರುದು ಬಂದದ್ದು ಎಲ್ಲವೂ ಇದರಿಂದ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಖಾಸಗಿ ಜಮೀನಿನ ಗಂಧ ಜಮೀನಿನವನದೇ ಎಂದಾಯಿತು. ಅಲ್ಲಿಯತನಕ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ ಸ್ವತ್ತು. ಅದನ್ನು ಬೆಳೆಸಿ ತಲೆನೋವು ತಂದುಕೊಳ್ಳುವವರಿರಲಿಲ್ಲ. ಈಗ ತೋಟ ಮಾಡುವವರಿದ್ದಾರೆ. ಅವರು ಕಲಿಯಬೇಕಾದ ಮೊದಲ ಪಾಠ ಆಸರೆ ಗಿಡದ್ದು: ಚೀಲದಲ್ಲಿರುವಾಗ ತೊಗರಿ, ನೆಲಕ್ಕಿಳಿಸಿದ ಮೇಲೆ ಹಲವು ವರ್ಷ ಜೊತೆಗೆ ಬಾಳುವ ಅಗಸೆಯೋ ಸರ್ವೆಯೋ ಹೊಂಗೆಯೋ.

ತೊಗರಿಯನ್ನೇ ಆರಿಸುವುದಕ್ಕೆ ಕಾರಣವಿದೆ. ಅದರ ಬೇರಿನಲ್ಲೂ ಗಂಟುಗಳಿವೆ, ಆದರೆ ಬೇರೆ ಬಗೆಯವು. ಒಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡು, ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತವೆ. ಪ್ರತಿಯಾಗಿ ತೊಗರಿ ಅವಕ್ಕೆ ಸಕ್ಕರೆ ಕೊಡುತ್ತದೆ. ಈ ಸಾರಜನಕದಲ್ಲಿ ಒಂದು ಪಾಲು ಹೀರುಬೇರಿನ ಮೂಲಕ ಗಂಧಕ್ಕೆ ಹೋಗುತ್ತದೆ. ಅಂಗೈಯಗಲದ ಚೀಲದೊಳಗೆ ಒಂದು ಕೊಡುಕೊಳೆ, ಅದರ ಬೆನ್ನ ಮೇಲೊಂದು ಕಳವು. ಕೊಡುಕೊಳೆಯಾದರೂ ಶಾಶ್ವತವಲ್ಲ. ಮಣ್ಣಿಗೆ ಯೂರಿಯಾ ಧಾರಾಳವಾಗಿ ಸುರಿದರೆ ತೊಗರಿ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಬೇಕಾದ ಸಾರಜನಕ ಪುಕ್ಕಟೆ ಸಿಗುವಾಗ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಯಾಕೆ ಕೊಡಬೇಕು?

ಶಾಲೆಯ ಪುಸ್ತಕದಲ್ಲಿ ಇದಕ್ಕೆಲ್ಲ ಮೂರು ಖಾನೆಗಳಿರುತ್ತವೆ. ಎರಡು ಜೀವಿಗಳಿಗೂ ಲಾಭವಾದರೆ ಸಹಜೀವನ. ಒಂದಕ್ಕೆ ಲಾಭ, ಇನ್ನೊಂದಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದಾದರೆ ಸಹಭೋಜಿತನ. ಒಂದರ ಲಾಭ ಇನ್ನೊಂದರ ನಷ್ಟವಾದರೆ ಪರಾವಲಂಬನೆ. ನಷ್ಟ ಅನುಭವಿಸುವ ಜೀವಿಗೆ ಆತಿಥೇಯ ಎಂದು ಹೆಸರು. ಪರೀಕ್ಷೆಗೆ ಇಷ್ಟು ಸಾಕು. ಹೊಲ ತೋಟಕ್ಕೆ ಇಳಿದರೆ ಈ ಗೋಡೆಗಳು ನಿಲ್ಲುವುದಿಲ್ಲ. ಜರ್ಮನಿಯ ಆಂಟನ್ ಡಿ ಬ್ಯಾರಿ 1879ರಲ್ಲಿ ಸಹಜೀವನದ ವ್ಯಾಖ್ಯೆ ಬರೆದಾಗ ಲಾಭನಷ್ಟದ ಮಾತೇ ಎತ್ತಿರಲಿಲ್ಲ. ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದಷ್ಟೇ ಅವನಿಗೆ ಮುಖ್ಯ. ಪರಾವಲಂಬಿಯೂ ಅದರೊಳಗೆ ಬಂತು. ನನಗಂತೂ ಆ ಹಳೆಯ ವ್ಯಾಖ್ಯೆಯೇ ಇಷ್ಟ. ಯಾರು ಯಾರ ಜೊತೆ ಬದುಕುತ್ತಿದ್ದಾರೆ ಎಂದು ಮೊದಲು ನೋಡೋಣ, ಲೆಕ್ಕ ಆಮೇಲೆ ಹಾಕೋಣ ಎನ್ನುವ ತಾಳ್ಮೆ ಅದರಲ್ಲಿದೆ.

ಡಿ ಬ್ಯಾರಿಯ ಕಾಲದ ದೊಡ್ಡ ಜಗಳ ಕಲ್ಲುಹೂವಿನದು. ಮಸಾಲೆ ಡಬ್ಬಿಯಲ್ಲಿ ಒಣಗಿದ ಎಲೆಚೂರಿನ ಹಾಗೆ ಕಾಣುವ ಅದು ಗಿಡವಲ್ಲ, ಶಿಲೀಂಧ್ರವೂ ಪಾಚಿಯೂ ಹೆಣೆದುಕೊಂಡ ದೇಹ. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಹೀಗೆಂದಾಗ ಕಲ್ಲುಹೂವಿನ ಪಂಡಿತರು ಸಿಡಿದೆದ್ದರು. ಶ್ವೆಂಡನರ್ ಚಿತ್ರದಲ್ಲಿ ಶಿಲೀಂಧ್ರ ಯಜಮಾನ, ಪಾಚಿ ಅವನು ಸೆರೆಹಿಡಿದ ಆಳು. ಮುಂದಿನ ತಲೆಮಾರು ಅದನ್ನೇ ಅನ್ಯೋನ್ಯ ದಾಂಪತ್ಯವೆಂದು ಹಾಡಿಹೊಗಳಿತು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಅನೇಕ ಕಲ್ಲುಹೂವುಗಳ ಮೇಲ್ಪದರದಲ್ಲಿ ಯೀಸ್ಟ್ ರೂಪದ ಮೂರನೆಯ ಪಾಲುದಾರನನ್ನು ಕಂಡರು. ಅದು ಅಲ್ಲಿ ದುಡಿಯುತ್ತಿದೆಯೋ ಸುಮ್ಮನೆ ಉಣ್ಣುತ್ತಿದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಮಲೆನಾಡಿನ ಹಲಸಿನ ಮರದ ಮೇಲೆ ಮಳೆಗಾಲ ಹಿಡಿಯುವ ಹೊತ್ತಿಗೆ ಸೀತಾಳೆ ದಂಡೆ ಎಂಬ ಆರ್ಕಿಡ್ ತೂಗಾಡುತ್ತದೆ. ಮರದ ಮೇಲೆ ಬೆಳೆದದ್ದೆಲ್ಲ ಮರದ ಸಾರ ಹೀರುತ್ತದೆ ಎಂದು ನಂಬಿದವರು ಅದನ್ನೂ ಕಿತ್ತುಹಾಕುತ್ತಾರೆ. ಪಾಪ, ಅದು ಮರಕ್ಕೆ ಏನೂ ಮಾಡುವುದಿಲ್ಲ. ತೊಗಟೆಯನ್ನು ಹಿಡಿದುಕೊಂಡು, ಗಾಳಿಯಲ್ಲಿ ಇಳಿಬಿಟ್ಟ ಬೇರಿನಿಂದ ಮಳೆಯ ತೇವ ಹೀರಿಕೊಂಡು ಇರುತ್ತದೆ, ಅಷ್ಟೆ. ಹಾಗಂತ ಅದಕ್ಕೆ ಪೂರ್ತಿ ನಿರಪರಾಧಿ ಎಂದು ಸರ್ಟಿಫಿಕೇಟ್ ಕೊಡುವಂತೆಯೂ ಇಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬೇಕಾದ ಬುತ್ತಿ ಅದರೊಳಗೆ ಇರುವುದಿಲ್ಲ. ತೊಗಟೆಯಲ್ಲಿರುವ ಶಿಲೀಂಧ್ರದ ಎಳೆಗಳು ಬೀಜದೊಳಗೆ ನುಗ್ಗಿದಾಗ, ಬೀಜ ಅವನ್ನೇ ಅರಗಿಸಿಕೊಂಡು ಮೊಳೆಯುತ್ತದೆ. ಮರದ ಪಾಲಿಗೆ ನಿರುಪದ್ರವಿ, ಶಿಲೀಂಧ್ರದ ಪಾಲಿಗೆ ಎಳವೆಯಲ್ಲೇ ಸುಲಿಗೆಕೋರ.

ಅದೇ ತೋಪಿನಲ್ಲಿ ನಿಜವಾಗಿ ಹೀರುವುದು ಬದನಿಕೆ. ಮಾವು, ಸಪೋಟ, ಹೊಂಗೆ, ಯಾವ ಮರವಾದರೂ ಸರಿ. ಕೊಂಬೆಯ ನಡುವೆ ಮರದ್ದಲ್ಲದ ದಪ್ಪ ಎಲೆಗಳ ಪೊದೆ, ಕೊಳವೆಯಂಥ ಕಿತ್ತಳೆ ಬಣ್ಣದ ಹೂವು. ಅದು ಕೂತ ಜಾಗದಲ್ಲಿ ಕೊಂಬೆ ಗಡ್ಡೆಗಟ್ಟುತ್ತದೆ. ಅಲ್ಲಿಂದ ತುದಿಯತನಕ ಕ್ರಮೇಣ ಒಣಗುತ್ತದೆ. ಕೆಲಸದಲ್ಲಿ ಇದೂ ಗಂಧವೂ ಒಂದೇ, ಹಸಿರೆಲೆ ತನ್ನದು, ನೀರು ಇನ್ನೊಬ್ಬರದು. ಒಂದಕ್ಕೆ ರಾಜಮರ್ಯಾದೆ, ಇನ್ನೊಂದಕ್ಕೆ ಕುಡುಗೋಲು. ಎಲೆಯೇ ಇಲ್ಲದೆ ಹಳದಿ ದಾರದ ಹಾಗೆ ಬೇಲಿಯ ಮೇಲೆ ಹಬ್ಬುವ ಕಸ್ಕ್ಯೂಟ ಬಳ್ಳಿ ಪೂರ್ಣ ಪರಾವಲಂಬಿ. ಅದು ನೀರಿನ ಜೊತೆ ಸಕ್ಕರೆಯನ್ನೂ ಕದಿಯುತ್ತದೆ.

ಬದನಿಕೆಯ ಬೀಜ ಕೊಂಬೆಯಿಂದ ಕೊಂಬೆಗೆ ಹೋಗುವುದು ಹಕ್ಕಿಯ ಹೊಟ್ಟೆಯ ಮೂಲಕ. ಗುಬ್ಬಚ್ಚಿಗಿಂತ ಚಿಕ್ಕದಾದ ಬದನಿಕೆ ಹಕ್ಕಿ ಹಣ್ಣನ್ನು ನುಂಗುತ್ತದೆ. ತಿರುಳು ಬಲುಬೇಗ ಅರಗುತ್ತದೆ, ಬೀಜಕ್ಕೆ ಸುತ್ತಿದ ಗೋಂದು ಮಾತ್ರ ಅರಗುವುದಿಲ್ಲ. ಹಿಕ್ಕೆಯೊಂದಿಗೆ ಹೊರಬಂದ ಬೀಜ ಹಿಂಭಾಗಕ್ಕೇ ಅಂಟಿಕೊಂಡು ಜೋತಾಡುವುದರಿಂದ, ಹಕ್ಕಿ ಕೊಂಬೆಗೆ ಮೈ ಉಜ್ಜಿ ಅದನ್ನು ಬಿಡಿಸಿಕೊಳ್ಳಬೇಕು. ಬೀಜಕ್ಕೆ ಬೇಕಾದದ್ದೂ ಅದೇ. ನೆಲಕ್ಕೆ ಬಿದ್ದರೆ ಅದು ಸತ್ತ ಹಾಗೆ, ಕೊಂಬೆಗೆ ಅಂಟಿದರೆ ಅಲ್ಲೇ ಮೊಳಕೆ. ಹಕ್ಕಿಗೂ ಬದನಿಕೆಗೂ ನಡುವೆ ಇರುವುದು ಒಳ್ಳೆಯ ವ್ಯಾಪಾರ, ಬೆಲೆ ತೆರುವುದು ಮಾವಿನ ಮರ. ಕಪ್ಪು ಗೆರೆಗಳ ನಡುವೆ ಹಳದಿ, ಅಂಚಿಗೆ ಕೆಂಪು ಮಚ್ಚೆಯಿರುವ ಜೆಜೆಬೆಲ್ ಚಿಟ್ಟೆಯ ಮರಿಹುಳುಗಳು ಬದನಿಕೆಯ ಎಲೆ ತಿಂದೇ ಬೆಳೆಯುತ್ತವೆ. ತೋಪಿನ ಬದನಿಕೆಯನ್ನೆಲ್ಲ ಸವರಿದರೆ ಈ ಚಿಟ್ಟೆಗೆ ಮೊಟ್ಟೆಯಿಡಲು ಜಾಗವಿಲ್ಲ.

ಸವರಿದರೆ ಇನ್ನೇನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದಲ್ಲಿ ನಿಜವಾಗಿ ಮಾಡಿಯೇ ನೋಡಿದರು. ಡೇವಿಡ್ ವಾಟ್ಸನ್ ಮತ್ತು ಸಂಗಡಿಗರು ನ್ಯೂ ಸೌತ್ ವೇಲ್ಸ್‌ನ 17 ಕಾಡುತುಣುಕುಗಳಲ್ಲಿ ಅಲ್ಲಿನ ಬದನಿಕೆಯನ್ನು ಪೂರ್ತಿ ತೆಗೆಸಿದರು. ಮರಗಳು ಹಗುರಾದವು, ಹಕ್ಕಿಗಳು ಹೆಚ್ಚಬಹುದು ಎಂದು ಯಾರಾದರೂ ಊಹಿಸಿದ್ದರೆ ತಪ್ಪಾಗುತ್ತಿತ್ತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷಗಳಲ್ಲಿ ಅಲ್ಲಿನ ಹಕ್ಕಿ ಪ್ರಭೇದಗಳಲ್ಲಿ ಐದರಲ್ಲೊಂದು ಪಾಲು ಕಡಿಮೆಯಾಗಿತ್ತು. ಬದನಿಕೆಯ ಹಣ್ಣಿನ ಗೊಡವೆಯೇ ಇಲ್ಲದ, ನೆಲ ಕೆದಕಿ ಹುಳ ಹುಡುಕುವ ಹಕ್ಕಿಗಳೂ ಮಾಯವಾದವು. ಬದನಿಕೆ ವರ್ಷವಿಡೀ ಉದುರಿಸುವ ಸಾರವತ್ತಾದ ಎಲೆ ಮರದ ಬುಡದಲ್ಲಿ ಕೊಳೆತು, ಹುಳಹುಪ್ಪಟೆಗೆ ಆಹಾರವಾಗುತ್ತಿತ್ತು ಎಂಬುದು ವಾಟ್ಸನ್ ಕೊಡುವ ವಿವರಣೆ. ಒಂದು ಮರದ ಲೆಕ್ಕದಲ್ಲಿ ಕಳ್ಳನಾದದ್ದು ಇಡೀ ಕಾಡಿನ ಲೆಕ್ಕದಲ್ಲಿ ದಾನಿಯಾಗಿತ್ತು. ಮಾವು ಮಾರಿ ಬದುಕುವ ರೈತನಿಗೆ ಇದನ್ನು ಹೇಳಿ ಕುಡುಗೋಲು ಕೆಳಗಿಡು ಎನ್ನುವ ಧೈರ್ಯ ನನಗಿಲ್ಲ. ಅವನ ಲೆಕ್ಕ ಮರದ್ದು, ಕಾಡಿನದಲ್ಲ.

ಹಕ್ಕಿಗಳ ನಡುವೆಯೂ ಲಾಭನಷ್ಟದ ಲೆಕ್ಕ ಹೀಗೆ ತಿರುಗುವುದುಂಟು. ಕಾಗೆ ಕೋಗಿಲೆಯ ಕಥೆ ಎಲ್ಲರಿಗೂ ಗೊತ್ತು. ಮೊಟ್ಟೆ ಕೋಗಿಲೆಯದು, ಕಾವು ಕಾಗೆಯದು. ಸ್ಪೇನ್ ದೇಶದ ಉತ್ತರಭಾಗದ ಕಾಗೆಗಳ ಗೂಡಿನಲ್ಲಿ ಅಲ್ಲಿನ ದೊಡ್ಡ ಕೋಗಿಲೆಯೊಂದು ಹೀಗೆಯೇ ಮೊಟ್ಟೆಯಿಡುತ್ತದೆ. ಹಲವು ವರ್ಷ ಗೂಡುಗಳನ್ನು ಗಮನಿಸಿದವರಿಗೆ 2014ರ ಹೊತ್ತಿಗೆ ಒಂದು ವಿಷಯ ಖಚಿತವಾಯಿತು: ಕೋಗಿಲೆಮರಿ ಇದ್ದ ಗೂಡುಗಳು ಬೇಟೆಗೆ ಸಿಕ್ಕಿ ಪೂರ್ತಿ ಹಾಳಾಗುವುದು ಕಡಿಮೆ. ಕೋಗಿಲೆಮರಿಯನ್ನು ಮುಟ್ಟಿದರೆ ಅದು ಗಬ್ಬುನಾರುವ ದ್ರವ ಬಿಡುತ್ತದೆ, ಬೆಕ್ಕೋ ಗಿಡುಗವೋ ಮೂಗು ಮುಚ್ಚಿಕೊಂಡು ಹೊರಡುತ್ತದೆ. ಬೇಟೆಗಾರರು ಹೆಚ್ಚಿರುವ ವರ್ಷ ಆ ಕಾಗೆಗೆ ಕೋಗಿಲೆ ಲಾಭ, ಕಡಿಮೆಯಿರುವ ವರ್ಷ ನಷ್ಟ.

ಇನ್ನು ಆತಿಥೇಯನನ್ನು ಕೊಂದೇ ತೀರುವ ಒಂದು ಬಗೆಯಿದೆ. ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಸರಕಿನ ಜೊತೆ ಕರ್ನಾಟಕಕ್ಕೆ ಕಾಲಿಟ್ಟಿತು. ಮನೆನೊಣಕ್ಕಿಂತ ದೊಡ್ಡದು, ಬೆನ್ನ ಮೇಲೆ ಕಪ್ಪು ಪಟ್ಟೆ. ಹುಳುಮನೆಗೆ ನುಗ್ಗಿ ರೇಷ್ಮೆಹುಳುವಿನ ಮೈಮೇಲೆ ಒಂದೋ ಎರಡೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದು ಮರಿ ಹುಳುವಿನ ಚರ್ಮ ಕೊರೆದು ಒಳಗಿಳಿಯುತ್ತದೆ. ಇಳಿದ ಜಾಗದಲ್ಲಿ ಕಪ್ಪು ಕಲೆ. ಎಳೆಯ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಬಲಿತ ಹುಳುವಾದರೆ ಚಂದ್ರಿಕೆಗೆ ಏರಿ ಗೂಡನ್ನೇನೋ ಕಟ್ಟುತ್ತದೆ, ಆದರೆ ಊಜಿಯ ಮರಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನ ಎಳೆ ನೂಲು ಬಿಚ್ಚುವಾಗ ಪದೇಪದೇ ತುಂಡಾಗುವುದರಿಂದ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಹೀಗೆ ಆತಿಥೇಯನ ದೇಹದಲ್ಲಿ ಬೆಳೆದು ಕೊನೆಗೆ ಅದನ್ನು ಕೊಂದುಬಿಡುವ ಕೀಟಗಳನ್ನು ಪರತಂತ್ರ ಜೀವಿಗಳೆಂದು ಬೇರೆಯಾಗಿ ಗುರುತಿಸುತ್ತಾರೆ. ಹುಲಿಯ ಹಾಗೆ ಕೊಲ್ಲುತ್ತವೆ, ಜಂತುಹುಳುವಿನ ಹಾಗೆ ಒಳಗಿದ್ದು ಉಣ್ಣುತ್ತವೆ. ಊಜಿ ಬಾರದಂತೆ ಕಿಟಕಿಗೆ ನೈಲಾನ್ ಬಲೆ ಕಟ್ಟುವುದು ಮೊದಲ ಉಪಾಯ. ಔಷಧಿ ಸಿಂಪಡಿಸೋಣವೆಂದರೆ ರೇಷ್ಮೆಹುಳುವೂ ಕೀಟವೇ, ಜೊತೆಗೆ ಸಾಯುತ್ತದೆ. ಹಾಗಾಗಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಊಜಿಗೇ ಒಂದು ಊಜಿಯನ್ನು ಹುಡುಕಿತು: ನೆಸೋಲಿಂಕ್ಸ್ ಥೈಮಸ್ ಎಂಬ ಸಾಸಿವೆಕಾಳಿಗಿಂತ ಸಣ್ಣ ಕಣಜ. ಅದು ಊಜಿಯ ಕೋಶವನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ನೊಣ ಹೊರಬರಬೇಕಾದ ಕೋಶದಿಂದ ಹತ್ತಾರು ಕಣಜಗಳು ಹೊರಬರುತ್ತವೆ. ಬೆಳೆಗಾರರು ಇದನ್ನು ತಂದು ಹುಳುಮನೆಯಲ್ಲಿ ಬಿಡುತ್ತಾರೆ. ಪಪ್ಪಾಯ, ಹಿಪ್ಪುನೇರಳೆಗೆ ಮೆತ್ತಿಕೊಂಡ ಪಪ್ಪಾಯ ಹಿಟ್ಟುತಿಗಣೆಯನ್ನು ಹಿಡಿತಕ್ಕೆ ತಂದದ್ದೂ 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿದ ಇಂಥವೇ ಕಣಜಗಳು. ಪರಾವಲಂಬನೆ ಎಂದರೆ ಪೀಡೆ ಎಂದು ಬೈಯುವ ನಾವು, ಶತ್ರುವಿನ ಮೈಗೆ ಬಿದ್ದಾಗ ಅದಕ್ಕೆ ಜೈವಿಕ ನಿಯಂತ್ರಣ ಎಂಬ ಗೌರವದ ಹೆಸರಿಡುತ್ತೇವೆ.

ಆದರೂ ಇದೆಲ್ಲದರ ಪೂರ್ತಿ ರಾಮಾಯಣ ನೋಡಬೇಕೆಂದರೆ ಅತ್ತಿಯ ಮರಕ್ಕೇ ಹೋಗಬೇಕು. ಅತ್ತಿಯ ಹಣ್ಣನ್ನು ಬಿಚ್ಚಿ ನೋಡಬೇಡ ಎಂದು ಹಿರಿಯರು ಹೇಳುವುದು ಹುಳುವಿನ ಅಸಹ್ಯಕ್ಕೆ. ಬಿಚ್ಚಿ ನೋಡಿದವರು ಮಾತ್ರ ಅಲ್ಲೇ ಆಯುಷ್ಯ ಕಳೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಅಂಥವರು.

ನಾವು ಅತ್ತಿಕಾಯಿ ಎನ್ನುವುದು ಒಳಮುಖವಾಗಿ ಅರಳುವ ನೂರಾರು ಹೂಗಳ ಗೊಂಚಲು. ಹೂ ಸಿದ್ಧವಾದಾಗ ಕಾಯಿ ಬಿಡುವ ವಾಸನೆಗೆ ಒಂದು ಜಾತಿಯ ಹೆಣ್ಣು ಕಣಜ ಬರುತ್ತದೆ, ಮೈಮೇಲೆ ತಾನು ಹುಟ್ಟಿದ ಕಾಯಿಯ ಪರಾಗ. ತುದಿಯ ಕಿಂಡಿಯಲ್ಲಿ ನುಸುಳುವಾಗ ರೆಕ್ಕೆ ಮುರಿಯುತ್ತದೆ, ಇನ್ನು ಹಿಂದಿರುಗುವ ಮಾತಿಲ್ಲ. ಒಳಗೆ ಹೂವಿಂದ ಹೂವಿಗೆ ಪರಾಗ ಹಚ್ಚುತ್ತ, ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತ ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವಿನಲ್ಲಿ ಕಣಜ ಬೆಳೆಯುತ್ತದೆ, ಉಳಿದದ್ದರಲ್ಲಿ ಬೀಜ. ವಾರಗಳ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಗೆ ಸುರಂಗ ಕೊರೆದು ಸಾಯುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಆ ಸುರಂಗದಿಂದ ಹಾರಿಹೋಗುತ್ತವೆ. ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ತೊಟ್ಟಿಲಿಲ್ಲ. ಸಹಜೀವನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಅದರಲ್ಲೂ ಪ್ರತಿ ಕಣಜಮರಿಗೆ ಅತ್ತಿ ಒಂದೊಂದು ಬೀಜದ ಜಾಗ ಕಳೆದುಕೊಳ್ಳುತ್ತದೆ ಎಂಬುದು ನೆನಪಿರಲಿ.

ಇಂಥ ಒಳ್ಳೆಯ ಸಂಸಾರವಿದ್ದಲ್ಲಿ ಬೇಡದ ನೆಂಟರು ಬರದೆ ಇರುತ್ತಾರೆಯೆ? ಪರಾಗದ ಕೆಲಸ ಮಾಡದೆ ಬರೀ ಮೊಟ್ಟೆಯಿಡಲು ಬರುವ ಕಣಜಗಳು ಹಲವು ಜಾತಿಯವು. ಅವು ಒಳಗೆ ಹೋಗುವ ಅಪಾಯ ತಂದುಕೊಳ್ಳುವುದಿಲ್ಲ, ಹೊರಗೇ ಕೂತು ಕೂದಲಿಗಿಂತ ತೆಳುವಾದ ಉದ್ದ ಸೂಜಿಯನ್ನು ಕಾಯಿಯ ಗೋಡೆಯ ಮೂಲಕ ಇಳಿಸುತ್ತವೆ. ಕೆಲವಕ್ಕೆ ಹೂವು ಬೇಕು, ಕೆಲವಕ್ಕೆ ಒಳಗಿರುವ ಬೇರೆ ಕಣಜದ ಮರಿಯೇ ಬೇಕು. ಗಟ್ಟಿ ಕಾಯಿಯನ್ನು ಕೊರೆಯುವ ಈ ಸೂಜಿ ಬಾಗದೆ ಸವೆಯದೆ ಹೇಗಿರುತ್ತದೆ ಎಂದು ಅದೇ ವಿಜ್ಞಾನ ಸಂಸ್ಥೆಯ ನಮ್ರತಾ ಗುಂಡಯ್ಯ ಅವರ ತಂಡ ಪರೀಕ್ಷಿಸಿತು. ಸೂಜಿಯ ಹಲ್ಲಿನಂಥ ತುದಿಯಲ್ಲಿ ಸತುವಿನ ಅಂಶವಿತ್ತು! 2014ರಲ್ಲಿ ಇದು ಪ್ರಕಟವಾಯಿತು. ಕಾಯಿಗಳ ಮೇಲೆ ಓಡಾಡುವ ಚಗಳಿ ಇರುವೆಗಳು ಸೂಜಿ ನೆಟ್ಟು ಕೂತ ಕಣಜಗಳನ್ನು ಹಿಡಿದು ತಿನ್ನುವುದರಿಂದ ಅತ್ತಿಗೆ ಅಷ್ಟರಮಟ್ಟಿಗೆ ಕಾವಲು ಸಿಕ್ಕಿದ ಹಾಗೆ.

ಮೂರನೆಯವರೂ ಇದ್ದಾರೆ. ಕಣ್ಣಿಗೆ ಕಾಣಿಸದಷ್ಟು ಸಣ್ಣ ದುಂಡುಹುಳುಗಳು ಹೊರಡಲಿರುವ ಹೆಣ್ಣು ಕಣಜದ ಮೈಹತ್ತಿ ಹೊಸ ಕಾಯಿಗೆ ಪ್ರಯಾಣ ಮಾಡುತ್ತವೆ. ಕಾಲಿಲ್ಲದ, ರೆಕ್ಕೆಯಿಲ್ಲದ ಅವಕ್ಕೆ ಬೇರೆ ದಾರಿಯಿಲ್ಲ. ಇದು ಬರೀ ಸವಾರಿಯೋ ಸುಲಿಗೆಯೋ? ಬೋರ್ಜಸ್ ಅವರ ಪ್ರಯೋಗಾಲಯದಿಂದ 2019ರಲ್ಲಿ ಬಂದ ಉತ್ತರ: ಎಷ್ಟು ಜನ ಹತ್ತಿದ್ದಾರೆ ಎಂಬುದರ ಮೇಲಿದೆ. ಕೆಲವೇ ಹುಳುಗಳಿದ್ದರೆ ಕಣಜಕ್ಕೂ ಅತ್ತಿಗೂ ಹೇಳಿಕೊಳ್ಳುವ ತೊಂದರೆಯಿಲ್ಲ. ಸಂಖ್ಯೆ ಹೆಚ್ಚಿದರೆ ಕಣಜದ ಹಾರಾಟ ಕುಗ್ಗುತ್ತದೆ, ಮರಿಗಳು ಕಡಿಮೆಯಾಗುತ್ತವೆ, ಕಾಯಿಗೂ ಪೆಟ್ಟು. ಅದೇ ಹುಳು, ಅದೇ ಕಣಜ, ಅದೇ ಮರ. ಒಂದು ಮಿತಿಯವರೆಗೆ ನಿರುಪದ್ರವಿ, ದಾಟಿದರೆ ಪರಾವಲಂಬಿ.

ಇದಕ್ಕೂ ಹಿಂದೆ, 1993ರಲ್ಲಿ, ಅಲೆನ್ ಹೆರ್ ಎಂಬ ವಿಜ್ಞಾನಿ ಪನಾಮದ ಅತ್ತಿಜಾತಿಯ ಮರಗಳಲ್ಲಿ ಇಂಥವೇ ಹುಳುಗಳನ್ನು ಹೋಲಿಸಿ ನೋಡಿದ್ದ. ಕೆಲವು ಮರಗಳಲ್ಲಿ ಒಂದು ಕಾಯಿಗೆ ಒಂದೇ ತಾಯಿಕಣಜ ಹೋಗುತ್ತದೆ, ಇನ್ನು ಕೆಲವಲ್ಲಿ ಹಲವು. ಒಂದೇ ತಾಯಿ ಇದ್ದಲ್ಲಿ ಹುಳುವಿನ ಮರಿಗಳಿಗೆ ಮುಂದಿನ ಸವಾರಿ ಆ ತಾಯಿಯ ಹೆಣ್ಣುಮಕ್ಕಳೇ. ತಾಯಿಯನ್ನು ಹಿಂಡಿಬಿಟ್ಟರೆ ಸವಾರಿಯೇ ಇಲ್ಲ, ಅಲ್ಲಿ ಹುಳುಗಳು ಸೌಮ್ಯ. ಹಲವು ತಾಯಂದಿರಿದ್ದಲ್ಲಿ ಇವಳ ಮಕ್ಕಳಿಲ್ಲದಿದ್ದರೆ ಪಕ್ಕದವಳ ಮಕ್ಕಳಿದ್ದಾರೆ, ಅಲ್ಲಿ ಹುಳುಗಳು ಕ್ರೂರ. ಪರಾವಲಂಬಿ ಎಷ್ಟು ಕೇಡು ಮಾಡುತ್ತದೆ ಎಂಬುದನ್ನು ಅದರ ಮುಂದಿನ ಮನೆಯ ದಾರಿ ತೀರ್ಮಾನಿಸುತ್ತದೆ.

ಮನುಷ್ಯನ ಮೈಗೆ ಬಂದಾಗ ಈ ಮಾತು ನೇರವಾಗಿ ತಾಗುತ್ತದೆ. ಫೆಬ್ರವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುವುದು ಮಕ್ಕಳ ಕರುಳಿನ ಜಂತುಹುಳುಗಳಿಗೆ. ಅವು ಮಗುವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ರಕ್ತಹೀನ, ಮಂಕು, ಕುಳ್ಳ ಮಾಡುತ್ತವೆ. ಮಗು ಓಡಾಡಿಕೊಂಡಿದ್ದು ಬಯಲಿಗೆ ಹೋಗುತ್ತಿದ್ದರೇ ಅವುಗಳ ಮೊಟ್ಟೆ ಮಣ್ಣಿಗೆ ಸೇರುವುದು. ಆನೆಕಾಲಿನ ಹುಳುವಂತೂ ದುಗ್ಧರಸದ ನಾಳಗಳಲ್ಲಿ ವರ್ಷಗಟ್ಟಲೆ ಇರುತ್ತದೆ. ಆ ಹುಳುವಿನೊಳಗೆ ವೋಲ್ಬಾಕಿಯ ಎಂಬ ಬ್ಯಾಕ್ಟೀರಿಯಾವಿದೆ, ಅದಿಲ್ಲದೆ ಹುಳು ಮರಿಹಾಕಲಾರದು. ಡಾಕ್ಸಿಸೈಕ್ಲಿನ್ ಕೊಟ್ಟು ಬ್ಯಾಕ್ಟೀರಿಯಾ ಕೊಂದರೆ ಹುಳುವೂ ನಿಧಾನವಾಗಿ ಸಾಯುತ್ತದೆ. ನಮ್ಮ ಪರಾವಲಂಬಿಯ ಸಹಜೀವಿ ನಮ್ಮ ಔಷಧಕ್ಕೆ ಸಿಕ್ಕ ಕೀಲಿಕೈ.

ಮಂಗನ ಕಾಯಿಲೆಯಲ್ಲಿ ಮನುಷ್ಯನ ಪಾತ್ರ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬೆಳಕಿಗೆ ಬಂದ ಈ ವೈರಸ್ಸನ್ನು ಹೊತ್ತು ತರುವುದು ಉಣುಗು. ಮರಿ, ಎಳೆಯುಣುಗು, ಬಲಿತ ಉಣುಗು, ಹೀಗೆ ಮೂರು ಹಂತದಲ್ಲಿ ಮೂರು ಬೇರೆ ಪ್ರಾಣಿಗಳ ರಕ್ತ ಕುಡಿಯುತ್ತದೆ. ಚಿಕ್ಕಂದಿನಲ್ಲಿ ಇಲಿ, ಹಕ್ಕಿ, ಮಂಗ. ಬಲಿತ ಮೇಲೆ ದನ. ದರಗು ತರಲು, ಸೌದೆ ತರಲು ಬೇಸಿಗೆಯಲ್ಲಿ ಕಾಡಿಗೆ ಹೋದವರಿಗೆ ಕಚ್ಚುವುದು ಎಳೆಯುಣುಗು. ಮನುಷ್ಯನಿಂದ ವೈರಸ್ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಅದರ ಪಾಲಿಗೆ ನಾವು ದಾರಿತಪ್ಪಿ ಹೊಕ್ಕ ಮುಚ್ಚಿದ ಓಣಿ. ನಮ್ಮನ್ನು ಬದುಕಿಸಿಕೊಳ್ಳುವುದರಿಂದ ಅದಕ್ಕೆ ಯಾವ ಪ್ರಯೋಜನವೂ ಇಲ್ಲ.

ಪರಾವಲಂಬಿಯೊಂದನ್ನು ನಾವು ದೇಶದಿಂದಲೇ ಓಡಿಸಿದ್ದೂ ಉಂಟು. ಉತ್ತರ ಕರ್ನಾಟಕದ ಹಳಬರಿಗೆ ನಾರುಹುಣ್ಣು ನೆನಪಿರುತ್ತದೆ. ಮೆಟ್ಟಿಲು ಬಾವಿಯ ನೀರಿನಲ್ಲಿ ಸೈಕ್ಲೋಪ್ಸ್ ಎಂಬ ಸೂಕ್ಷ್ಮ ಜೀವಿ, ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿ. ಆ ನೀರು ಕುಡಿದು ಸುಮಾರು ವರ್ಷವಾದ ಮೇಲೆ, ಮೀಟರಿನವರೆಗೂ ಉದ್ದವಿರುವ ದಾರದಂಥ ಹೆಣ್ಣುಹುಳು ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ತಲೆ ಹೊರಹಾಕುತ್ತದೆ. ಬೆಂಕಿಯಿಟ್ಟಂಥ ಉರಿ. ಉರಿ ತಾಳಲಾರದೆ ಕಾಲನ್ನು ಬಾವಿಯ ನೀರಿಗಿಳಿಸಿದರೆ ಹುಳು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಉರಿ ಹುಟ್ಟಿಸುವುದು, ನೀರಿಗೆ ಎಳೆಯುವುದು, ಎಲ್ಲವೂ ಅದರ ಅನುಕೂಲಕ್ಕೆ ತಕ್ಕಂತೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು, ಅವಸರಪಟ್ಟರೆ ತುಂಡಾಗಿ ಒಳಗೇ ಕೀವಾಗುತ್ತದೆ. ಇದಕ್ಕೆ ಲಸಿಕೆಯೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸಿ ಕುಡಿಯುವುದು, ಮೆಟ್ಟಿಲು ಬಾವಿಗಳನ್ನು ಹಗ್ಗದಿಂದ ಸೇದುವ ಬಾವಿಗಳಾಗಿ ಬದಲಿಸುವುದು, ನೀರಿಗೆ ಔಷಧಿ ಹಾಕುವುದು, ಕೊಳವೆಬಾವಿ ಕೊರೆಯುವುದು, ಇಷ್ಟರಿಂದಲೇ ಹುಳುವಿನ ದಾರಿ ಕಡಿಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಜಗತ್ತಿನಲ್ಲಿ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಈ ಹುಳು 2023ರಲ್ಲಿ 14 ಜನರಲ್ಲಿ ಮಾತ್ರ ಕಂಡಿತು. ಮನುಷ್ಯನನ್ನು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ, ಇನ್ನೇನು ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು. ಅಷ್ಟರಲ್ಲಿ, 2012ರಿಂದೀಚೆಗೆ, ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳ ಕಾಲಿನಿಂದ ಅದೇ ಹುಳು ಹೊರಬರತೊಡಗಿತು, ವರ್ಷಕ್ಕೆ ನೂರಾರು ನಾಯಿಗಳಲ್ಲಿ. ನದಿಯ ದಡದಲ್ಲಿ ಎಸೆದ ಹಸಿ ಮೀನು, ಮೀನಿನ ಕರುಳು ತಿಂದು ತಗಲುತ್ತಿರಬೇಕೆಂದು ತಿಳಿದವರ ಊಹೆ. ನಿರ್ಮೂಲನೆಯ ಗಡುವು 2030ಕ್ಕೆ ಹೋಗಿದೆ. ಚಾಡ್‌ನ ಹಳ್ಳಿಗಳಲ್ಲಿ ಈಗ ಮೀನಿನ ಕರುಳನ್ನು ಗುಂಡಿ ತೋಡಿ ಹೂಳುತ್ತಾರೆ, ಹುಳು ಕಂಡ ನಾಯಿಯನ್ನು ಅದು ಪೂರ್ತಿ ಹೊರಬರುವ ತನಕ ಕಟ್ಟಿಹಾಕುತ್ತಾರೆ, ಹಾಗೆ ಕಟ್ಟಿಹಾಕಿ ಸುದ್ದಿ ಮುಟ್ಟಿಸಿದವರಿಗೆ ಬಹುಮಾನದ ಹಣ ಕೊಡುತ್ತಾರೆ.